ಕಿಟಕಿ-ಕ್ರಮವಿಧಿಯ ಮೊದಲ ಪಾಠವೂ ಕನ್ನಡವೂ: ದಕ್ಷಿಣ ಬೆಂಗಳೂರನ್ನು ಕುರಿತ ಒಂದು ಐತಿಹಾಸಿಕ ಸಮೀಕ್ಷೆ

೧. ವಿಷಯದ ಎಲ್ಲೆ

ಬೆಂಗಳೂರು ನಗರದ ಇತಿಹಾಸವನ್ನು ಬರೆದವರು ಕೋಟೆ, ಪೇಟೆ, ದಂಡು, ಗಿರಣಿ, ಕಾರ್ಖಾನೆಗಳನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಕಳೆದ ನಾಲ್ಕು ದಶಕಗಳಲ್ಲಿ ನಗರಕ್ಕೆ ಹೊಸ ಖ್ಯಾತಿಯನ್ನು ತಂದುಕೊಟ್ಟ ಗಣಕೋದ್ಯಮದ ವಿಷಯದಲ್ಲಿಯೂ ಗ್ರಂಥಗಳಿಗೆ ಕೊರತೆಯಿಲ್ಲ. ಆದರೆ ಈ ಗ್ರಂಥಗಳು ಬಹುಮಟ್ಟಿಗೆ ಸಂಸ್ಥೆಗಳ ಸ್ಥಾಪನೆ, ಬಂಡವಾಳ, ರಫ್ತು ಮುಂತಾದುವುಗಳ ವೃತ್ತಾಂತಗಳಾಗಿವೆ. ಆ ಉದ್ಯಮಕ್ಕೆ ಬೇಕಾದ ವಿದ್ಯೆಯನ್ನು ಸಾಮಾನ್ಯ ವಿದ್ಯಾರ್ಥಿಯು ಯಾವ ರೀತಿಯಲ್ಲಿ ಕಲಿತನು, ಅವನ ಮೊದಲ ಪಾಠವೇನಾಗಿತ್ತು, ಆ ಪಾಠದಲ್ಲಿ ಅವನ ಮಾತೃಭಾಷೆಗೆ ಯಾವ ಸ್ಥಾನವಿತ್ತು ಎಂಬ ಪ್ರಶ್ನೆಗಳು ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಂತೆ ತೋರುವುದಿಲ್ಲ.

ಪ್ರಕೃತ ಲೇಖನದಲ್ಲಿ ನಾವು ಈ ವಿಶಾಲವಾದ ಪ್ರಶ್ನೆಯ ಒಂದು ಭಾಗವನ್ನು ಮಾತ್ರ ಪರಿಶೀಲಿಸುತ್ತೇವೆ. ಮೇಜಿನ ಮೇಲಿನ ಗಣಕದ ತೆರೆಯಲ್ಲಿ ಕಿಟಕಿ, ಗುಂಡಿ, ಪಟ್ಟಿ, ಬರವಣಿಗೆಯ ಚೌಕ ಮುಂತಾದ ಚಿತ್ರರೂಪದ ಸಾಧನಗಳ ಮೂಲಕ ಮನುಷ್ಯನೊಡನೆ ವ್ಯವಹರಿಸುವ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಇಲ್ಲಿ ಅನುಕೂಲಕ್ಕಾಗಿ ಕಿಟಕಿ-ಕ್ರಮವಿಧಿ ಎಂದು ಕರೆಯೋಣ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಹೊಸಬರು ಕಲಿತ ಈ ವಿದ್ಯೆಯಲ್ಲಿ ಕನ್ನಡವು ಮೂರು ಅವಸ್ಥೆಗಳನ್ನು ಕಂಡಿತೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದರಲ್ಲಿ ಕನ್ನಡವು ತೆರೆಯ ಮೇಲಿನ ಆಕಾರ ಮಾತ್ರವಾಗಿತ್ತು; ಎರಡನೆಯದರಲ್ಲಿ ಯಂತ್ರದ ಸ್ಮೃತಿಯೊಳಗಣ ಸಂಕೇತವಾಯಿತು; ಮೂರನೆಯದು ಯಂತ್ರಕ್ಕೆ ಆಜ್ಞೆ ಕೊಡುವ ಭಾಷೆಯಾಗುವ ಅವಸ್ಥೆ. ಇವುಗಳಲ್ಲಿ ಮೂರನೆಯದು ಇನ್ನೂ ಪೂರ್ಣವಾಗಿಲ್ಲವೆಂಬುದನ್ನೂ, ಅದು ಪೂರ್ಣವಾಗದಿರುವುದರಿಂದ ವಿದ್ಯಾರ್ಥಿಗೆ ಆಗುವ ನಷ್ಟವೇನೆಂಬುದನ್ನೂ ಮುಂದೆ ತೋರಿಸಲಾಗುವುದು.

೨. ಬಡಾವಣೆಗಳೂ ವಿದ್ಯಾಸಂಸ್ಥೆಗಳೂ

ಜಯನಗರಕ್ಕೆ ಅಸ್ತಿಭಾರ ಬಿದ್ದುದು ೧೯೪೮ರಲ್ಲಿ. ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರ್ಯರು ಆ ಕಾರ್ಯವನ್ನು ನೆರವೇರಿಸಿದರು; ಬಡಾವಣೆಗೆ ಮಹಾರಾಜ ಜಯಚಾಮರಾಜ ಒಡೆಯರ ಹೆಸರಾಯಿತು. ಬಸವನಗುಡಿಯ ದಕ್ಷಿಣಕ್ಕೆ ಹೀಗೆ ಹರಡತೊಡಗಿದ ನಗರವು ಕ್ರಮೇಣ ಬನಶಂಕರಿಯ ಹಂತಗಳನ್ನೂ, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರವನ್ನೂ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರುಗಳ ಮೊದಲಕ್ಷರಗಳಿಂದಾದ ಬಿ.ಟಿ.ಎಂ. ಬಡಾವಣೆಯನ್ನೂ ಒಳಗೊಂಡಿತು. ಇಲ್ಲಿ ನೆಲೆಸಿದವರಲ್ಲಿ ಅಧ್ಯಾಪಕರು, ಸರ್ಕಾರಿ ನೌಕರರು, ಬ್ಯಾಂಕು ಮತ್ತು ಸಾರ್ವಜನಿಕ ಉದ್ಯಮಗಳ ಸಿಬ್ಬಂದಿ ಗಣನೀಯ ಸಂಖ್ಯೆಯಲ್ಲಿದ್ದರು. ಭೂಮಿಯ ಆದಾಯಕ್ಕಿಂತ ಮಕ್ಕಳ ವಿದ್ಯೆಯನ್ನೇ ನೆಚ್ಚಿಕೊಂಡಿದ್ದ ವರ್ಗವಿದು.

ಈ ನೆಚ್ಚಿಕೆಗೆ ತಕ್ಕಂತೆ ವಿದ್ಯಾಸಂಸ್ಥೆಗಳೂ ಬೆಳೆದುವು. ಜಯನಗರದ ನ್ಯಾಷನಲ್ ಕಾಲೇಜು ೧೯೬೫ರಲ್ಲಿಯೂ, ಮಹಿಳೆಯರಿಗಾಗಿ ಎನ್.ಎಂ.ಕೆ.ಆರ್.ವಿ. ಕಾಲೇಜು ೧೯೭೩ರಲ್ಲಿಯೂ ಆರಂಭವಾದುವು. ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ಇಂಜಿನಿಯರಿಂಗ್ ಕಾಲೇಜು ೧೯೭೯ರದು. ಬನಶಂಕರಿ ಮೂರನೆಯ ಹಂತದಲ್ಲಿರುವ ಪಿ.ಇ.ಎಸ್. ಇಂಜಿನಿಯರಿಂಗ್ ಸಂಸ್ಥೆ ೧೯೮೮ರದು. ಇವುಗಳ ಜೊತೆಗೆ ಬೀದಿಬೀದಿಯ ಮಹಡಿಗಳ ಮೇಲೆ ನಡೆಯುತ್ತಿದ್ದ ಬೆರಳಚ್ಚು ಮತ್ತು ಶೀಘ್ರಲಿಪಿಯ ಶಾಲೆಗಳನ್ನು ಇತಿಹಾಸದ ವಿದ್ಯಾರ್ಥಿಯು ಮರೆಯಬಾರದು. ಪರೀಕ್ಷೆ ಮುಗಿಸಿದ ಹುಡುಗ ಹುಡುಗಿಯರು ಬೆಳಗಿನ ಹೊತ್ತು ಒಂದು ಗಂಟೆಯ ಕಾಲ ಯಂತ್ರದ ಮುಂದೆ ಕುಳಿತು ಬರುವುದು ಆಗ ಮಧ್ಯಮವರ್ಗದ ಮನೆಗಳ ರೂಢಿಯೇ ಆಗಿತ್ತು. ಈ ಶಾಲೆಗಳಲ್ಲಿ ಇಂಗ್ಲಿಷಿನಂತೆಯೇ ಕನ್ನಡಕ್ಕೂ ಪ್ರತ್ಯೇಕ ಯಂತ್ರ, ಪ್ರತ್ಯೇಕ ಪಾಠ, ಜೂನಿಯರ್ ಸೀನಿಯರ್ ಎಂಬ ಪ್ರತ್ಯೇಕ ಪರೀಕ್ಷೆಗಳಿದ್ದುವು. ಕನ್ನಡ ಬೆರಳಚ್ಚುಯಂತ್ರದ ಕೀಲಿಮಣೆಯನ್ನು ರೂಪಿಸಿದ ಅನಂತಸುಬ್ಬರಾಯರ ಶ್ರಮದ ಫಲವಾಗಿ, ಕಚೇರಿಯ ಕೆಲಸವನ್ನು ಬಯಸುವವನಿಗೆ ಕನ್ನಡದ ಕೈಚಳಕವೂ ಒಂದು ಅರ್ಹತೆಯಾಗಿತ್ತು. ಈ ಅಂಶವನ್ನು ನಾವು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೆರಳಚ್ಚಿನ ಶಾಲೆಯಲ್ಲಿ ಕನ್ನಡಕ್ಕೆ ದೊರೆತಿದ್ದ ಈ ಸಮಾನ ಸ್ಥಾನವು ಅದರ ಉತ್ತರಾಧಿಕಾರಿಯಾಗಿ ಬಂದ ಗಣಕ ತರಬೇತಿಯ ಶಾಲೆಯಲ್ಲಿ ದೊರೆಯಲಿಲ್ಲ.

ಉದ್ಯಮದ ಪಕ್ಕದಲ್ಲಿಯೂ ಈ ಪ್ರದೇಶಕ್ಕೆ ವಿಶೇಷವಾದ ಅನುಕೂಲವಿತ್ತು. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರಾಜ್ಯದ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ನೇತೃತ್ವದಲ್ಲಿ ೧೯೭೦ರ ದಶಕದ ಕೊನೆಯಲ್ಲಿ ರೂಪಿಸಿತು. ೧೯೮೧ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ ಸಂಸ್ಥೆಯು ೧೯೮೩ರಲ್ಲಿ ಬೆಂಗಳೂರಿಗೆ ಬಂದಿತು. ಜಯನಗರದ ಬಾಡಿಗೆಯ ಮನೆಯೊಂದು ಅದರ ಕಚೇರಿಯಾಗಿತ್ತು. ಆಡುಗೋಡಿಯ ಮೈಕೋ ಕಾರ್ಖಾನೆಯು ಇಲ್ಲಿ ಅದರ ಆರಂಭದ ಗ್ರಾಹಕ. ಎಲೆಕ್ಟ್ರಾನಿಕ್ಸ್ ಸಿಟಿಗೆ ಅದು ಸ್ಥಳಾಂತರಗೊಂಡುದು ೧೯೯೪ರಲ್ಲಿ. ಹೀಗೆ ಮನೆ, ಕಾಲೇಜು, ತರಬೇತಿಯ ಶಾಲೆ, ಉದ್ಯೋಗ ಇವು ನಾಲ್ಕೂ ಕೆಲವೇ ಮೈಲಿಗಳ ಅಂತರದಲ್ಲಿ ಕೂಡಿಬಂದುದು ದಕ್ಷಿಣ ಬೆಂಗಳೂರಿನ ವೈಶಿಷ್ಟ್ಯ.

೩. ಕಿಟಕಿಯ ಆಗಮನ

ತೆರೆಯ ಮೇಲಿನ ಕಿಟಕಿಯು ಇಲ್ಲಿ ಹುಟ್ಟಿದುದಲ್ಲ. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ೧೯೭೩ರಲ್ಲಿ ಸಿದ್ಧವಾದ ಆಲ್ಟೊ ಯಂತ್ರದಲ್ಲಿ ಇದರ ಮೂಲರೂಪವನ್ನು ಕಾಣಬಹುದು. ೧೯೮೪ರ ಮೆಕಿಂಟಾಷ್ ಯಂತ್ರವು ಅದನ್ನು ಜನಸಾಮಾನ್ಯರ ಮೇಜಿಗೆ ತಂದಿತು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ತಂತ್ರಾಂಶವು ೧೯೮೫ರಲ್ಲಿ ಹೊರಬಂದು, ೧೯೯೦ರ ಮೂರನೆಯ ಆವೃತ್ತಿಯಿಂದ ಬಲಗೊಂಡು, ೧೯೯೫ರ ಆವೃತ್ತಿಯಿಂದ ಸರ್ವವ್ಯಾಪಿಯಾಯಿತು.

ಕಿಟಕಿಯನ್ನು ಬಳಸುವುದು ಸುಲಭವಾದಂತೆಲ್ಲ ಅದನ್ನು ಕಟ್ಟುವುದು ಕಠಿಣವಾಯಿತೆಂಬುದು ಗಮನಾರ್ಹವಾದ ಸಂಗತಿ. ಹಳೆಯ ಬಗೆಯ ಕ್ರಮವಿಧಿಯು ಜನಗಣತಿಗೆ ಬಂದವನಂತೆ. ತನ್ನ ಕಾಗದದಲ್ಲಿರುವ ಕ್ರಮದಲ್ಲಿಯೇ ಹೆಸರು, ವಯಸ್ಸು, ಉದ್ಯೋಗಗಳನ್ನು ಒಂದಾದ ಮೇಲೊಂದರಂತೆ ಕೇಳುತ್ತ ಹೋಗುತ್ತದೆ. ಕಿಟಕಿ-ಕ್ರಮವಿಧಿಯಾದರೋ ಅಂಚೆ ಕಚೇರಿಯಲ್ಲಿ ಕುಳಿತ ಗುಮಾಸ್ತೆಯಂತೆ. ಯಾರು ಯಾವಾಗ ಬರುವರೋ, ಕಾರ್ಡು ಕೇಳುವರೋ ಮನಿಯಾರ್ಡರು ಕಟ್ಟುವರೋ ಅದಕ್ಕೆ ತಿಳಿಯದು. ಕಾಯುತ್ತಿರುವುದು, ಬಂದ ಕೋರಿಕೆಗೆ ತಕ್ಕ ಕೆಲಸವನ್ನು ಮಾಡುವುದು, ಮತ್ತೆ ಕಾಯುವುದು ಇಷ್ಟೇ ಅದರ ಧರ್ಮ. ಗುಂಡಿಯನ್ನು ಒತ್ತುವುದು, ಮೌಸನ್ನು ಸರಿಸುವುದು, ಕೀಲಿಯನ್ನು ತಟ್ಟುವುದು ಇವೆಲ್ಲವೂ ಒಂದೊಂದು ಘಟನೆ. ಒಂದೊಂದು ಘಟನೆಗೂ ಉತ್ತರವನ್ನು ಮುಂಚೆಯೇ ಬರೆದಿಡಬೇಕು. ೧೯೮೮ರಲ್ಲಿ ಚಾರ್ಲ್ಸ್ ಪೆಟ್ಜೋಲ್ಡ್ ಈ ವಿದ್ಯೆಯನ್ನು ಕುರಿತು ಪ್ರಕಟಿಸಿದ ಗ್ರಂಥವು ಒಂದು ತಲೆಮಾರಿನ ಕಲಿಕೆಗೆ ಆಧಾರವಾಯಿತಾದರೂ, ಆ ಕ್ರಮದಲ್ಲಿ ಒಂದು ಖಾಲಿ ಕಿಟಕಿಯನ್ನು ತೆರೆದು ಅದರಲ್ಲಿ ಒಂದು ವಾಕ್ಯವನ್ನು ತೋರಿಸುವುದಕ್ಕೂ ಸಿ ಭಾಷೆಯಲ್ಲಿ ಹಲವು ಹತ್ತು ಸಾಲುಗಳನ್ನು ಬರೆಯಬೇಕಾಗಿತ್ತು. ಹೊಸಬರಿಗೆ ಇದು ಎಟುಕುವಂತಹುದಲ್ಲ.

ಈ ಕಷ್ಟವನ್ನು ನಿವಾರಿಸಿದುದು ೧೯೯೧ರಲ್ಲಿ ಹೊರಬಂದ ವಿಷುಯಲ್ ಬೇಸಿಕ್. ಅಲನ್ ಕೂಪರ್ ಎಂಬಾತನು ರೂಪಿಸಿದ್ದ ಚಿತ್ರರೂಪದ ಜೋಡಣೆಯ ಸಾಧನವೂ, ಹಿಂದಿನಿಂದ ಬಂದ ಬೇಸಿಕ್ ಭಾಷೆಯೂ ಇದರಲ್ಲಿ ಒಂದಾದುವು. ವಿದ್ಯಾರ್ಥಿಯು ಖಾಲಿ ಫಾರ್ಮಿನ ಮೇಲೆ ಗುಂಡಿಯನ್ನೂ ಬರವಣಿಗೆಯ ಚೌಕವನ್ನೂ ಮೌಸಿನಿಂದ ಎಳೆದು ಇಡುವನು. ಗುಂಡಿಯ ಮೇಲೆ ಎರಡು ಬಾರಿ ಒತ್ತಿದರೆ ಅದರ ಘಟನೆಗೆ ಉತ್ತರ ಬರೆಯುವ ಜಾಗ ತೆರೆಯುವುದು. ಅಲ್ಲಿ ಎರಡು ಮೂರು ಸಾಲು ಬರೆದರೆ ಕ್ರಮವಿಧಿ ಸಿದ್ಧ. ೧೯೯೮ರಲ್ಲಿ ಬಂದ ಇದರ ಆರನೆಯ ಆವೃತ್ತಿಯು ನಮ್ಮ ಕಾಲೇಜುಗಳ ಬಿ.ಸಿ.ಎ. ಪ್ರಯೋಗಾಲಯಗಳಲ್ಲಿಯೂ ಖಾಸಗಿ ತರಬೇತಿ ಕೇಂದ್ರಗಳಲ್ಲಿಯೂ ಬಹುಕಾಲ ನೆಲೆಸಿತ್ತು. ಎರಡು ಸಂಖ್ಯೆಗಳನ್ನು ಕೂಡುವುದು, ಲೆಕ್ಕದ ಯಂತ್ರವನ್ನು ಅನುಕರಿಸುವುದು, ಹೆಸರು ಮತ್ತು ಗುಪ್ತಪದಗಳನ್ನು ಪರೀಕ್ಷಿಸುವುದು, ಕೊಟ್ಟ ಪದವನ್ನು ಹಿಂದುಮುಂದಾಗಿ ಓದಿ ನೋಡುವುದು, ಇವು ಮೊದಲ ಪಾಠಗಳಾಗಿದ್ದುವು. ಬೆರಳಚ್ಚಿನ ಶಾಲೆಯ ಜಾಗದಲ್ಲಿ ಗಣಕದ ಶಾಲೆ ಬಂದುದು ಈ ಕಾಲದಲ್ಲಿಯೇ.

೪. ಗುಂಡಿಯ ಮೇಲಣ ಕನ್ನಡ

ವಿಷುಯಲ್ ಬೇಸಿಕ್‌ನ ಪ್ರತಿಯೊಂದು ಗುಂಡಿಗೂ ಎರಡು ನಾಮಧೇಯಗಳುಂಟು. ಒಂದು, ಕ್ರಮವಿಧಿಯೊಳಗೆ ಅದನ್ನು ಕರೆಯುವ ಹೆಸರು; ಇನ್ನೊಂದು, ಬಳಸುವವನ ಕಣ್ಣಿಗೆ ಕಾಣುವ ಮೇಲ್ಬರಹ. ಮೊದಲನೆಯದು ಬರೆಯುವವನಿಗೆ ಸೇರಿದುದು, ಎರಡನೆಯದು ಬಳಸುವವನಿಗೆ ಸೇರಿದುದು. ಈ ಭೇದವು ಮೇಲುನೋಟಕ್ಕೆ ಅಲ್ಪವೆನಿಸಿದರೂ ನಮ್ಮ ವಿಷಯಕ್ಕೆ ಮುಖ್ಯವಾದುದು. ಏಕೆಂದರೆ ಕನ್ನಡವು ಈ ವಿದ್ಯೆಯೊಳಗೆ ಪ್ರವೇಶಿಸಿದುದು ಎರಡನೆಯ ಬಾಗಿಲಿನಿಂದ ಮಾತ್ರ.

ಆ ಪ್ರವೇಶವೂ ಸುಗಮವಾಗಿರಲಿಲ್ಲ. ವಿಷುಯಲ್ ಬೇಸಿಕ್‌ನ ಆರನೆಯ ಆವೃತ್ತಿಯು ತನ್ನ ಒಳಗೆ ಪದಗಳನ್ನು ಯೂನಿಕೋಡ್ ರೂಪದಲ್ಲಿಯೇ ಇಟ್ಟುಕೊಳ್ಳುತ್ತಿತ್ತು. ಆದರೆ ಅವುಗಳನ್ನು ಗುಂಡಿಯ ಮೇಲೆ ಬರೆಯುವಾಗ ಹಳೆಯ, ಸಂಕುಚಿತವಾದ ಸಂಕೇತಪಟ್ಟಿಯೊಂದಕ್ಕೆ ಪರಿವರ್ತಿಸುತ್ತಿತ್ತು. ಯೂರೋಪಿನ ಭಾಷೆಗಳಿಗೂ, ಜಪಾನೀ ಚೀನೀ ಭಾಷೆಗಳಿಗೂ ಅಂತಹ ಪಟ್ಟಿಗಳಿದ್ದುವು. ವಿಂಡೋಸ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಆ ಸ್ಥಾನ ಇರಲಿಲ್ಲ. ಪರಿಣಾಮವಾಗಿ ಯೂನಿಕೋಡ್‌ನಲ್ಲಿ ಬರೆದ ಕನ್ನಡ ಪದವು ಗುಂಡಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು.

ಇದಕ್ಕೆ ಉಪಾಯವಾಗಿ ಬಂದುವು ಅಕ್ಷರಭಾಗಗಳ ಫಾಂಟುಗಳು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ತಂತ್ರಾಂಶವು ೧೯೯೮ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದೊಡನೆ ರೂಪಿಸಿದ 'ನುಡಿ' ತಂತ್ರಾಂಶವು ಈ ಶತಮಾನದ ಆರಂಭದಲ್ಲಿ ಬಂದು ಕಚೇರಿಗಳಲ್ಲಿ ನೆಲೆನಿಂತಿತು. ಇವುಗಳ ಹಿಂದೆ ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ಕೆ.ಪಿ. ರಾಯರು, ರೂಪಿಸಿದ ಕೀಲಿಮಣೆಯ ವಿನ್ಯಾಸವಿದ್ದಿತು. ಇಂಗ್ಲಿಷಿನ ೨೬ ಕೀಲಿಗಳಲ್ಲಿಯೇ ಸಮಸ್ತ ಕನ್ನಡವನ್ನೂ ಅಡಗಿಸಿ, ವ್ಯಂಜನದ ಮೇಲೆ ಸ್ವರವನ್ನು ಕೂಡಿಸಿದರೆ ಗುಣಿತಾಕ್ಷರ, ನಡುವೆ ಕೊಂಡಿಯ ಕೀಲಿಯನ್ನು ತಟ್ಟಿದರೆ ಒತ್ತಕ್ಷರ ಎಂಬ ತರ್ಕವನ್ನು ಅವರು ಅನುಸರಿಸಿದರು. ಬೆರಳಚ್ಚುಯಂತ್ರವು ಅಕ್ಷರವನ್ನು ಆಕಾರಗಳ ಜೋಡಣೆಯೆಂದು ತಿಳಿದರೆ, ಈ ವಿನ್ಯಾಸವು ಅದನ್ನು ಧ್ವನಿಗಳ ಸಂಯೋಗವೆಂದು ತಿಳಿಯಿತು. ಕನ್ನಡ ಗಣಕದ ಇತಿಹಾಸದಲ್ಲಿ ಇದೊಂದು ಬೌದ್ಧಿಕ ತಿರುವು.

ಆದರೆ ಕೈಯಿಂದ ಧ್ವನಿರೂಪದಲ್ಲಿ ಹೊರಟ ಅಕ್ಷರವು ಆ ಕಾಲದಲ್ಲಿ ಸ್ಮೃತಿಯೊಳಗೆ ಮತ್ತೆ ಆಕಾರವಾಗಿಯೇ ಶೇಖರವಾಗುತ್ತಿತ್ತು. ತಲೆಕಟ್ಟು, ದೀರ್ಘ, ಕೊಂಬು, ಒತ್ತುಗಳ ತುಣುಕುಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತಿದ್ದುವು. ವಿದ್ಯಾರ್ಥಿಯು ಗುಣಗಳ ಪಟ್ಟಿಯಲ್ಲಿ ಕನ್ನಡದ ಫಾಂಟನ್ನು ಆರಿಸಿ ಗುಂಡಿಯ ಮೇಲೆ 'ಸೇರಿಸು' ಎಂದು ಬರೆದರೆ ಕಣ್ಣಿಗೆ ಅದು ಕನ್ನಡ. ಯಂತ್ರದ ಪಾಲಿಗೆ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಮಾಲೆ. ಫಾಂಟನ್ನು ತೆಗೆದರೆ ಕನ್ನಡವೂ ಹೋಗುವುದು. ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸೆಂದು ಆಜ್ಞಾಪಿಸಿದರೆ, ಯಂತ್ರವು ಅವುಗಳನ್ನು ತುಣುಕುಗಳ ಕ್ರಮದಲ್ಲಿ ಜೋಡಿಸುವುದೇ ಹೊರತು ವರ್ಣಮಾಲೆಯ ಕ್ರಮದಲ್ಲಲ್ಲ. ಕನ್ನಡವು ತೆರೆಯ ಮೇಲಿನ ಬಣ್ಣವಾಗಿತ್ತೆಂದು ನಾವು ಹೇಳುವುದು ಈ ಅರ್ಥದಲ್ಲಿ.

೫. ಸಂಕೇತದೊಳಗಣ ಕನ್ನಡ

ಎರಡನೆಯ ಅವಸ್ಥೆಯ ಬೀಜಗಳು ಇದಕ್ಕೂ ಹಿಂದೆಯೇ ಬಿತ್ತಲ್ಪಟ್ಟಿದ್ದುವು. ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಇಸ್ಕಿ ಎಂಬ ಸಂಕೇತಪದ್ಧತಿಯು ೧೯೯೧ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಪ್ರತ್ಯೇಕ ವಿಭಾಗವು ದೊರೆಯಿತು. ಇವೆರಡೂ ಅಕ್ಷರವನ್ನು ಆಕಾರದಿಂದಲ್ಲ, ವರ್ಣದಿಂದ ಗುರುತಿಸುತ್ತವೆ. ಆದರೆ ಮಾನಕವು ಪ್ರಕಟವಾದ ಮಾತ್ರಕ್ಕೆ ಮೇಜಿನ ಮೇಲಿನ ಯಂತ್ರಕ್ಕೆ ಅದು ತಿಳಿಯದು. ೨೦೦೧ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಫಾಂಟಿನೊಡನೆ ಬಂದ ಮೇಲೆ, ಹೊರಗಿನ ತಂತ್ರಾಂಶದ ನೆರವಿಲ್ಲದೆ ಕನ್ನಡವು ಆ ವ್ಯವಸ್ಥೆಯಲ್ಲಿ ಕಾಣಿಸಿಕೊಂಡಿತು. ೨೦೦೨ರಲ್ಲಿ ಬಂದ ಡಾಟ್‌ನೆಟ್ ಸಾಧನಗಳಲ್ಲಿ ಗುಂಡಿಯ ಮೇಲ್ಬರಹವೂ ಯೂನಿಕೋಡ್ ಆಯಿತು. ಲಿನಕ್ಸ್ ಪಕ್ಷದಲ್ಲಿ ಸ್ವಯಂಸೇವಕರು ಗ್ನೋಮ್, ಕೆಡಿಇ ಮೊದಲಾದ ಪರಿಸರಗಳ ಪಟ್ಟಿಗಳನ್ನೂ ಸಂದೇಶಗಳನ್ನೂ ಕನ್ನಡಕ್ಕೆ ತಂದರು.

ಈ ಪರಿವರ್ತನೆಯಿಂದ ಕನ್ನಡವು ಯಂತ್ರಕ್ಕೆ ಅರ್ಥವಾಗುವ ಸಂಕೇತವಾಯಿತು. ಆದರೆ ಪಾಠ ಬದಲಾಯಿತೆ? ಇದನ್ನು ಒಂದು ಸಣ್ಣ ಉದಾಹರಣೆಯಿಂದ ಪರೀಕ್ಷಿಸಬಹುದು. ಮೊದಲಿನಿಂದ ಓದಿದರೂ ಕೊನೆಯಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಕ್ರಮವಿಧಿಯು ಮೊದಲ ಪಾಠಗಳಲ್ಲಿ ಒಂದೆಂದು ಹಿಂದೆ ಹೇಳಿದೆವು. ಒಂದು ಬರವಣಿಗೆಯ ಚೌಕ, ಒಂದು ಗುಂಡಿ, ಉತ್ತರ ತೋರಿಸುವ ಒಂದು ಪಟ್ಟಿ, ಇಷ್ಟೇ ಇದಕ್ಕೆ ಬೇಕಾದ ಸಾಮಗ್ರಿ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಗತಪ್ರತ್ಯಾಗತವೆಂಬ ಹೆಸರುಂಟು. 'ವಿಕಟಕವಿ' ಎಂಬ ಪದವು ಮಕ್ಕಳಿಗೂ ತಿಳಿದ ಉದಾಹರಣೆ. ಪ್ರಕೃತ ವಿಷಯಕ್ಕೆ ಇನ್ನೂ ಸಮೀಪವಾದುದು 'ಕಿಟಕಿ' ಎಂಬ ಪದವೇ. ಕಿ, ಟ, ಕಿ ಎಂದು ಮೂರು ಅಕ್ಷರ. ಹಿಂದಿನಿಂದ ಓದಿದರೂ ಅದೇ.

ವಿದ್ಯಾರ್ಥಿಯು ಪಠ್ಯದಲ್ಲಿರುವಂತೆಯೇ ಕ್ರಮವಿಧಿಯನ್ನು ಬರೆದು 'ಕಿಟಕಿ' ಎಂದು ತುಂಬಿ ಗುಂಡಿಯನ್ನು ಒತ್ತಿದರೆ ಯಂತ್ರವು 'ಅಲ್ಲ' ಎಂದು ಉತ್ತರಿಸುತ್ತದೆ. ಕಾರಣವೇನು? ಯೂನಿಕೋಡ್‌ನಲ್ಲಿ ಈ ಪದವು ಮೂರು ಘಟಕಗಳದ್ದಲ್ಲ, ಐದು ಘಟಕಗಳದ್ದು: ಕಕಾರ, ಗುಡಿಸಿನ ಚಿಹ್ನೆ, ಟಕಾರ, ಕಕಾರ, ಮತ್ತೆ ಗುಡಿಸಿನ ಚಿಹ್ನೆ. ಇವನ್ನು ತಿರುಗಿಸಿದರೆ ಗುಡಿಸು ಮೊದಲು ಬಂದು ಅಕ್ಷರವಿಲ್ಲದೆ ತೂಗಾಡುತ್ತದೆ. 'ಬೆಂಗಳೂರು' ಎಂಬುದು ಓದುವವನಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಎಂಟು ಘಟಕ. 'ಸ್ತ್ರೀ' ಎಂಬುದು ಓದುವವನಿಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು ಘಟಕ. ಅದೇ ಕ್ರಮವಿಧಿಗೆ 'ಕನಕ' ಎಂದು ಕೊಟ್ಟರೆ ಉತ್ತರ ಸರಿಯಾಗಿ ಬರುವುದು, ಏಕೆಂದರೆ ಅಲ್ಲಿ ಸ್ವರಚಿಹ್ನೆಗಳೇ ಇಲ್ಲ.

ಇಲ್ಲಿ ಯಂತ್ರದ ದೋಷವಿಲ್ಲ. ಯೂನಿಕೋಡ್‌ನ ದೋಷವೂ ಇಲ್ಲ. ಪಾಠವನ್ನು ರಚಿಸಿದವರು ಬರವಣಿಗೆಯ ಘಟಕವೆಂದರೆ ಲ್ಯಾಟಿನ್ ವರ್ಣವೆಂದು ಭಾವಿಸಿ ರಚಿಸಿದರು. ನಾವು ಆ ಪಾಠವನ್ನು ಹಾಗೆಯೇ ಸ್ವೀಕರಿಸಿದೆವು. ಅಕ್ಷರವನ್ನು ಮೊದಲು ಗುರುತಿಸಿ, ಗುಣಿತ ಮತ್ತು ಒತ್ತುಗಳನ್ನು ಅದರೊಡನೆ ಕಟ್ಟಿ, ಆಮೇಲೆ ತಿರುಗಿಸಬೇಕೆಂಬ ಇನ್ನೊಂದು ಹೆಜ್ಜೆಯನ್ನು ಸೇರಿಸಿದರೆ ಸಾಕು, 'ಕಿಟಕಿ' ಕಿಟಕಿಯಾಗಿಯೇ ಉಳಿಯುತ್ತದೆ. ಆ ಒಂದು ಹೆಜ್ಜೆಯಲ್ಲಿ ವಿದ್ಯಾರ್ಥಿಗೆ ತನ್ನ ಲಿಪಿಯ ರಚನೆಯೂ ಗಣಕದ ಸಂಕೇತಪದ್ಧತಿಯೂ ಒಟ್ಟಿಗೆ ತಿಳಿಯುತ್ತಿದ್ದುವು. ಆದರೆ ಆ ಹೆಜ್ಜೆಗೆ ಮೊದಲ ಪಾಠದಲ್ಲಿ ಜಾಗ ದೊರೆಯಲಿಲ್ಲ. ಹೀಗಾಗಿ ಕನ್ನಡದ ಪದವನ್ನು ಕೊಟ್ಟು ತಪ್ಪು ಉತ್ತರ ಪಡೆದ ವಿದ್ಯಾರ್ಥಿಯು, ಈ ವಿದ್ಯೆಗೆ ಕನ್ನಡವು ಒಗ್ಗುವುದಿಲ್ಲವೆಂಬ ತೀರ್ಮಾನಕ್ಕೆ ಬರುವುದು ಸಹಜವಾಗುತ್ತದೆ. ನಷ್ಟವಿರುವುದು ಇಲ್ಲಿಯೇ.

೬. ಆಜ್ಞೆಯ ಭಾಷೆಯಾಗಿ ಕನ್ನಡ

ಮೂರನೆಯ ಅವಸ್ಥೆಗೆ ಬೆಂಗಳೂರಿನಲ್ಲಿಯೇ ನಡೆದ ಒಂದು ಪ್ರಯತ್ನವನ್ನು ಇಲ್ಲಿ ಸ್ಮರಿಸಬೇಕು. ಮುಂಬಯಿಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದು, ೧೯೯೬ರಲ್ಲಿಯೇ 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ ಡಾ. ಯು.ಬಿ. ಪವನಜ ಅವರು, ಮಕ್ಕಳಿಗೆ ಕ್ರಮವಿಧಿಯನ್ನು ಕಲಿಸುವ ಲೋಗೊ ಭಾಷೆಯ ಕನ್ನಡ ಆವೃತ್ತಿಯನ್ನು ಸಿದ್ಧಪಡಿಸಿದರು. ಮೂಲ ಲೋಗೊ ೧೯೬೭ರಲ್ಲಿ ಸೀಮೋರ್ ಪೇಪರ್ಟ್, ಸಿಂತಿಯಾ ಸಾಲೊಮನ್, ವ್ಯಾಲಿ ಫ್ಯೂರ್ಜಿಗ್ ಮೊದಲಾದವರಿಂದ ಅಮೆರಿಕದಲ್ಲಿ ಹು‌ಟ್ಟಿದುದು. ತೆರೆಯ ಮೇಲಿನ ಆಮೆಗೆ ಇಷ್ಟು ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಎಂದು ಆಜ್ಞಾಪಿಸುತ್ತ ಮಗುವು ಚೌಕ, ತ್ರಿಕೋನ, ನಕ್ಷತ್ರಗಳನ್ನು ಬರೆಯುವುದು ಅದರ ಕ್ರಮ. ಕನ್ನಡ ಲೋಗೊ ಈ ಆಜ್ಞೆಗಳನ್ನೇ ಕನ್ನಡಕ್ಕೆ ತಂದಿತು. ಮೇಲ್ಬರಹದ ಬಾಗಿಲನ್ನು ಬಿಟ್ಟು ಕನ್ನಡವು ಆಜ್ಞೆಯ ಬಾಗಿಲಿನಿಂದ ಒಳಗೆ ಬಂದುದೇ ಇದರ ಐತಿಹಾಸಿಕ ಮಹತ್ತ್ವ.

ಭಾಷೆಯ ದೃಷ್ಟಿಯಿಂದ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲೋಗೊವಿನ ವಾಕ್ಯದಲ್ಲಿ ಆಜ್ಞೆ ಮೊದಲು, ಸಂಖ್ಯೆ ಅನಂತರ. ಕನ್ನಡದಲ್ಲಿ 'ನೂರು ಹೆಜ್ಜೆ ಮುಂದೆ ಹೋಗು' ಎನ್ನುತ್ತೇವೆ. ಸಂಖ್ಯೆ ಮೊದಲು, ಕ್ರಿಯಾಪದ ಕೊನೆಗೆ. ಆದುದರಿಂದ ಪದಗಳನ್ನು ಕನ್ನಡಿಸಿದ ಮಾತ್ರಕ್ಕೆ ವಾಕ್ಯವು ಕನ್ನಡವಾಗುವುದಿಲ್ಲ. ಕನ್ನಡದ ವಾಕ್ಯಕ್ರಮವನ್ನೇ ಅನುಸರಿಸುವ ಕ್ರಮವಿಧಿಯ ಭಾಷೆಯೊಂದನ್ನು ರಚಿಸುವುದು ಅಸಾಧ್ಯವಲ್ಲ. ಸಂಖ್ಯೆಗಳನ್ನು ಮೊದಲು ಹೇಳಿ ಕ್ರಿಯೆಯನ್ನು ಕೊನೆಯಲ್ಲಿ ಹೇಳುವ ಫೋರ್ತ್ ಎಂಬ ಭಾಷೆಯು ಬೇರೆ ಕಾರಣಗಳಿಗಾಗಿ ಹಿಂದೆಯೇ ಬಳಕೆಯಲ್ಲಿತ್ತು. ಭಾಷಾವಿಭಾಗ ಮತ್ತು ಗಣಕವಿಭಾಗಗಳು ಕೂಡಿ ಯೋಚಿಸಬೇಕಾದ ವಿಷಯವಿದು.

ಈಗ ಹೊಸಬರಿಗೆ ಹೆಚ್ಚಾಗಿ ಕಲಿಸಲಾಗುತ್ತಿರುವ ಪೈಥಾನ್ ಭಾಷೆಯ ಸ್ಥಿತಿಯೂ ಪರಿಶೀಲನಾರ್ಹ. ಇದರೊಡನೆಯೇ ಬರುವ ಟಿಕಿಂಟರ್ ಎಂಬ ಸಾಧನದಿಂದ ಕಿಟಕಿಗಳನ್ನು ಕಟ್ಟಬಹುದು. ೨೦೦೮ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಈಚೆಗೆ ಕ್ರಮವಿಧಿಯೊಳಗಿನ ಹೆಸರುಗಳನ್ನು ಕನ್ನಡದಲ್ಲಿಯೇ ಇಡುವುದು ಸಾಧ್ಯವಾಗಿದೆ; 'ಮೊತ್ತ', 'ಗುಂಡಿ' ಎಂಬ ಹೆಸರುಗಳನ್ನು ಅದು ಆಕ್ಷೇಪವಿಲ್ಲದೆ ಒಪ್ಪುತ್ತದೆ. ಬಳಸುವವನು ಚೌಕದಲ್ಲಿ ೧೨೩ ಎಂದು ಕನ್ನಡದ ಅಂಕಿಗಳಲ್ಲಿ ತುಂಬಿದರೆ ಅದನ್ನು ಸಂಖ್ಯೆಯಾಗಿ ಪರಿವರ್ತಿಸಿಕೊಳ್ಳುವುದೂ ಅದಕ್ಕೆ ತಿಳಿದಿದೆ. ಆದರೆ ಅದೇ ೧೨೩ನ್ನು ಕ್ರಮವಿಧಿಯನ್ನು ಬರೆಯುವವನು ತನ್ನ ಸಾಲಿನಲ್ಲಿ ಸಂಖ್ಯೆಯಾಗಿ ಬರೆದರೆ ದೋಷವೆಂದು ತಿರಸ್ಕರಿಸುತ್ತದೆ. ಮೀಸಲು ಪದಗಳೂ ದೋಷಸಂದೇಶಗಳೂ ಇಂಗ್ಲಿಷಿನವೇ. ಬಳಸುವವನಿಗೆ ಕನ್ನಡ, ಬರೆಯುವವನಿಗೆ ಇಂಗ್ಲಿಷ್ ಎಂಬ ವಿಷುಯಲ್ ಬೇಸಿಕ್ ಕಾಲದ ಗಡಿಯು ಸ್ವಲ್ಪ ಸರಿದಿದೆಯೇ ಹೊರತು ಅಳಿದಿಲ್ಲ.

೭. ಸುದರ್ಶನ ಬಡಾವಣೆಯ ಪ್ರಯೋಗ

ಇಲ್ಲಿಯವರೆಗೆ ಹೇಳಿದುದು ಕಾಲೇಜಿಗೆ ಹೋಗಬಲ್ಲವರ, ತರಬೇತಿಯ ಶುಲ್ಕವನ್ನು ತೆರಬಲ್ಲವರ ಕಥೆ. ಇದೇ ಪ್ರದೇಶದಲ್ಲಿ ಇವರ ಹೊರಗೆ ಉಳಿದವರೂ ಇದ್ದರು. ಗುರಪ್ಪನಪಾಳ್ಯದ ಬಳಿಯ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ೨೦೦೮ರಲ್ಲಿ ಮುಕ್ತ ತಂತ್ರಾಂಶದ ಕಾರ್ಯಕರ್ತರು ನಿವಾಸಿಗಳೊಡನೆ ಕೂಡಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವನ್ನು ಆರಂಭಿಸಿದರು. ದಾನವಾಗಿ ಬಂದ ಯಂತ್ರಗಳಲ್ಲಿ ಗ್ನೂ-ಲಿನಕ್ಸ್ ವ್ಯವಸ್ಥೆಯನ್ನು ಹಾಕಿ, ಬಿಡುವಿನ ದಿನಗಳಲ್ಲಿ ಸ್ವಯಂಸೇವಕರು ಮಕ್ಕಳಿಗೆ ಪಾಠ ಹೇಳಿದರು. ಗಿಂಪ್ ಎಂಬ ಚಿತ್ರತಂತ್ರಾಂಶದಲ್ಲಿ ಮಕ್ಕಳು ತೋರಿದ ಪ್ರೌಢಿಮೆಯು ಹೊರಗಿನವರ ಗಮನವನ್ನೂ ಸೆಳೆಯಿತು. ಗ್ನೂ ಯೋಜನೆಯವರು ಶಿಕ್ಷಣದ ಉದಾಹರಣೆಗಳಲ್ಲಿ ಒಂದಾಗಿ ಇದನ್ನು ದಾಖಲಿಸಿದ್ದಾರೆ.

ನಮ್ಮ ವಿಷಯಕ್ಕೆ ಈ ಪ್ರಯೋಗದಿಂದ ಎರಡು ಪಾಠಗಳು ದೊರೆಯುತ್ತವೆ. ಚಿತ್ರರೂಪದ ತೆರೆಯು ಭಾಷೆಯ ತಡೆಯನ್ನು ಬಹಳಮಟ್ಟಿಗೆ ತಗ್ಗಿಸಬಲ್ಲದು. ಕುಂಚದ ಚಿತ್ರವನ್ನು ಒತ್ತಿದರೆ ಕುಂಚ ಬರುವುದೆಂದು ತಿಳಿಯುವುದಕ್ಕೆ ಇಂಗ್ಲಿಷ್ ಬೇಕಿಲ್ಲ. ಆದರೆ ಅಂತಹ ತೆರೆಯನ್ನು ತಾನೇ ಕಟ್ಟಬೇಕೆಂದು ಹೊರಟ ಮಗುವಿಗೆ ಅದೇ ತಡೆಯು ಮತ್ತೆ ಎದುರಾಗುತ್ತದೆ. ಕಿಟಕಿಯನ್ನು ಬಳಸುವುದಕ್ಕೂ ಕಟ್ಟುವುದಕ್ಕೂ ನಡುವಣ ಅಂತರವು ಕೇವಲ ಬುದ್ಧಿಯದಲ್ಲ. ಭಾಷೆಯದೂ ವರ್ಗದ್ದೂ ಆಗಿದೆ.

೮. ಆಕರಗಳು ಮತ್ತು ಉಪಸಂಹಾರ

ಈ ಇತಿಹಾಸದ ಆಕರಗಳ ವಿಷಯವಾಗಿ ಒಂದೆರಡು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಇದೇ ದಕ್ಷಿಣ ಬೆಂಗಳೂರಿನ ಬೇಗೂರಿನಲ್ಲಿ ನಾಗೇಶ್ವರ ದೇವಾಲಯದ ಶಾಸನವೊಂದು 'ಬೆಂಗಳೂರು' ಎಂಬ ಹೆಸರಿನ ಪ್ರಾಚೀನತೆಗೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಸಾಕ್ಷಿಯಾಗಿ ನಿಂತಿದೆ. ಇಪ್ಪತ್ತೈದು ವರ್ಷಗಳ ಹಿಂದಿನ ವಿದ್ಯಾರ್ಥಿಯ ಕ್ರಮವಿಧಿಗಾದರೋ ಆ ಭಾಗ್ಯವಿಲ್ಲ. ಮೂರೂವರೆ ಅಂಗುಲದ ಫ್ಲಾಪಿಗಳನ್ನು ಓದುವ ಯಂತ್ರಗಳು ಅಪರೂಪವಾಗಿವೆ. ವಿಷುಯಲ್ ಬೇಸಿಕ್ ಆರರ ಅಭಿವೃದ್ಧಿ ಸಾಧನಕ್ಕೆ ತಯಾರಕರ ಬೆಂಬಲವು ೨೦೦೮ರಲ್ಲಿಯೇ ಕೊನೆಗೊಂಡಿತು. ಪ್ರಯೋಗಾಲಯದ ದಾಖಲೆ ಪುಸ್ತಕಗಳು ಪರೀಕ್ಷೆಯ ಮರುದಿನವೇ ರದ್ದಿಯ ಅಂಗಡಿಯನ್ನು ಸೇರುವುದು ನಮ್ಮಲ್ಲಿ ವಾಡಿಕೆ.

ಆದರೂ ನಿರಾಶೆಗೆ ಕಾರಣವಿಲ್ಲ. ವಿಷುಯಲ್ ಬೇಸಿಕ್‌ನ ಫಾರ್ಮಿನ ಕಡತವು ಸಾದಾ ಪಠ್ಯರೂಪದಲ್ಲಿರುತ್ತದೆ. ಮೂಲ ತಂತ್ರಾಂಶವಿಲ್ಲದಿದ್ದರೂ ಅದನ್ನು ತೆರೆದು, ಯಾವ ಗುಂಡಿ ಎಲ್ಲಿತ್ತು, ಅದರ ಹೆಸರೇನು, ಮೇಲ್ಬರಹವೇನು, ಯಾವ ಫಾಂಟನ್ನು ಆರಿಸಲಾಗಿತ್ತು ಎಂಬುದನ್ನು ಓದಬಹುದು. ಮೇಲ್ಬರಹವು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಂತೆ ಕಂಡು, ಫಾಂಟಿನ ಹೆಸರು ನುಡಿಯದೋ ಬರಹದ್ದೋ ಆಗಿದ್ದರೆ, ಪರಿವರ್ತಕಗಳ ನೆರವಿನಿಂದ ಆ ಕನ್ನಡವನ್ನು ಮರಳಿ ಪಡೆಯಬಹುದು. ಸವೆದ ಶಾಸನದ ಅಕ್ಷರಗಳನ್ನು ಲಿಪಿಯ ಕಾಲವನ್ನು ಅನುಸರಿಸಿ ಓದುವ ಶಾಸನತಜ್ಞನ ಕೆಲಸಕ್ಕೂ ಇದಕ್ಕೂ ವಿಧಾನದಲ್ಲಿ ಹೆಚ್ಚು ಭೇದವಿಲ್ಲ. ಇತಿಹಾಸದ ವಿದ್ಯಾರ್ಥಿಗಳು ಈ ಕೆಲಸಕ್ಕೆ ತೊಡಗಬೇಕೆಂದು ನಾವು ಸೂಚಿಸುತ್ತೇವೆ. ಜಯನಗರ, ಬನಶಂಕರಿಗಳ ಕಾಲೇಜುಗಳು ತಮ್ಮ ಹಳೆಯ ಪ್ರಯೋಗಪುಸ್ತಕಗಳನ್ನೂ, ಡಿಸ್ಕುಗಳನ್ನೂ, ಪಠ್ಯಕ್ರಮಗಳನ್ನೂ, ತರಬೇತಿ ಕೇಂದ್ರಗಳ ಪ್ರಕಟನೆಗಳನ್ನೂ ಗ್ರಂಥಾಲಯದಲ್ಲಿ ಒಂದೆಡೆ ಸಂಗ್ರಹಿಸಿದರೆ ಮುಂದಿನವರಿಗೆ ಮಹೋಪಕಾರವಾಗುವುದು.

ಮೇಲಿನ ವಿವೇಚನೆಯಿಂದ ವ್ಯಕ್ತವಾಗುವುದಿಷ್ಟು. ದಕ್ಷಿಣ ಬೆಂಗಳೂರಿನಲ್ಲಿ ಕಿಟಕಿ-ಕ್ರಮವಿಧಿಯ ವಿದ್ಯೆಯು ಬೇಗನೆ ಹರಡುವುದಕ್ಕೆ ಬೇಕಾದ ಸಾಮಾಜಿಕ ಕಾರಣಗಳೆಲ್ಲವೂ ಇದ್ದುವು, ಹರಡಿತು ಕೂಡ. ಕನ್ನಡವನ್ನು ತೆರೆಯ ಮೇಲೆ ಕಾಣಿಸುವ ಕಾರ್ಯವನ್ನು ಸಮರ್ಥರಾದ ಕೆಲವರು ಸಾಧಿಸಿದರು. ಸಂಕೇತದ ಸಮಸ್ಯೆಯನ್ನು ಯೂನಿಕೋಡ್ ಪರಿಹರಿಸಿತು. ಉಳಿದಿರುವುದು ಪಾಠದ ಸಮಸ್ಯೆ. ಇದಕ್ಕೆ ಹೊಸ ಯಂತ್ರವೂ ಬೇಡ, ಹೆಚ್ಚಿನ ಹಣವೂ ಬೇಡ. ಬೆರಳಚ್ಚಿನ ಕಾಲದಲ್ಲಿ ಕನ್ನಡಕ್ಕೆ ಪ್ರತ್ಯೇಕವಾದ ಪಾಠವನ್ನು ಸಿದ್ಧಪಡಿಸಿದಂತೆ, ಮೊದಲ ವಾರದಲ್ಲಿಯೇ ವಿದ್ಯಾರ್ಥಿಯ ಮುಂದೆ 'ಕಿಟಕಿ' ಎಂಬ ಪದವನ್ನಿಟ್ಟು, ಯಂತ್ರವು ಅದನ್ನು ಏಕೆ ತಪ್ಪಾಗಿ ತಿರುಗಿಸುತ್ತದೆಂದು ಕನ್ನಡದಲ್ಲಿ ವಿವರಿಸಿ, ಸರಿಪಡಿಸುವ ಕೆಲಸವನ್ನು ಅವನಿಗೇ ಒಪ್ಪಿಸುವ ಪಠ್ಯವನ್ನು ನಮ್ಮ ಕಾಲೇಜುಗಳ ಅಧ್ಯಾಪಕರು ಬರೆಯಬಲ್ಲರು. ಬೆಂಗಳೂರಿನ ಈ ಭಾಗದಲ್ಲಿ ಅದನ್ನು ಬರೆಯಲು ಬೇಕಾದ ಭಾಷಾಜ್ಞಾನವೂ ಗಣಕಜ್ಞಾನವೂ ಒಂದೇ ಬೀದಿಯಲ್ಲಿ ದೊರೆಯುತ್ತವೆ.